ಎಂಟು ಕಂಬಳಿಗಳ ಜೆರಾಕ್ಸ್

ಫಾರಂ ತುಂಬುವುದರಲ್ಲಿ ಚಳ್ಳಕೆರೆ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಇದನ್ನು ಜಂಬ ಎನ್ನಬೇಡಿ, ಅನುಭವ ಎನ್ನಿ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತು ಊರವರ ಮನಿಆರ್ಡರು, ಪಿಂಚಣಿ, ಉಳಿತಾಯ ಖಾತೆಗಳ ಅರ್ಜಿಗಳನ್ನೆಲ್ಲ ನನ್ನ ಕೈಯಾರೆ ತುಂಬಿಕೊಟ್ಟವನು ನಾನು. ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದರೂ ಜನ ಈಗಲೂ ನನ್ನನ್ನು "ಪೋಸ್ಟ್ ಮಾಸ್ಟ್ರೇ" ಎಂದೇ ಕರೆಯುತ್ತಾರೆ. ಪಾಪ, ಪ್ರೀತಿಯಿಂದ ಕರೆಯುವವರನ್ನು ತಿದ್ದುವುದು ಸಭ್ಯತೆಯಲ್ಲ ಎಂದು ನಾನೂ ಸುಮ್ಮನಿದ್ದೇನೆ.

ಹೀಗಿರುವಾಗ ನಮ್ಮತ್ತೆಗೆ ಮೊಳಕಾಲು ನೋವು ಬಂತು.

ನಮ್ಮತ್ತೆ ಪಾಲಮ್ಮನವರು ಮೊಳಕಾಲ್ಮುರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನವರು. ಕುರಿ ಕಾಯುವ ಮನೆತನ. ಅವರ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದು ಎಲೆ ಅಡಿಕೆ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ವರ್ಷಕ್ಕೊಮ್ಮೆ ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಬರುತ್ತಿದ್ದವರು ಎರಡು ವರ್ಷದಿಂದ ಹತ್ತಿರಲಿಲ್ಲ. ಮಗಳನ್ನು ನೋಡಲು ನಮ್ಮ ಮನೆಗೆ ಬಂದಾಗ, ಬಸ್ಸಿನ ಮೆಟ್ಟಿಲು ಇಳಿಯಲಾಗದೆ ಕಂಡಕ್ಟರನ ಭುಜ ಹಿಡಿದು ಇಳಿದರು. ಜಗಲಿಯ ಮೇಲೆ ಕೂತು, ಎರಡೂ ಮೊಳಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತ, "ಬೆಟ್ಟ ಅಲ್ಲೇ ಐತೆ ಅಳಿಯಪ್ಪಾ. ನಾನೇ ಇಲ್ಲಿ ಕುಂತ್‌ಬಿಟ್ಟೆ" ಎಂದರು. ಅಷ್ಟು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಡಾಕ್ಟರಿಗೆ ತೋರಿಸಿದೆವು. ಕೀಲು ಪೂರ್ತಿ ಸವೆದಿದೆ, ಆಪರೇಷನ್ ಮಾಡಿ ಬೇರೆ ಕೀಲು ಕೂರಿಸಬೇಕು, ತಡ ಮಾಡಿದರೆ ನಡೆಯುವುದೇ ನಿಂತೀತು ಎಂದರು. ನನ್ನ ಬಾಮೈದ ಬೋರಣ್ಣ ಫೋನಿನಲ್ಲಿ, "ಅರ್ಧ ಕುರಿ ಮಾರಿಬಿಡ್ತೀನಿ ಭಾವಾ" ಎಂದ. ಪಕ್ಕದಲ್ಲೇ ಕೂತಿದ್ದ ಅತ್ತೆ ಫೋನನ್ನು ಕಿತ್ತುಕೊಂಡು, "ಒಂದು ಕುರಿ ಮಾರಿದ್ರೂ ನಾನು ಆಸ್ಪತ್ರಿ ಮೆಟ್ಲು ಹತ್ತಾಕಿಲ್ಲ, ತಿಳ್ಕೋ!" ಎಂದು ಕಟ್ ಮಾಡಿದರು. ಅತ್ತೆ ಒಂದು ಮಾತು ಆಡಿದರೆ ಮುಗಿಯಿತು. ಆಪರೇಷನ್ ಆಗಬೇಕು, ಕುರಿಯೂ ಉಳಿಯಬೇಕು!

ಆಗ ಈ ಮಹಾಶಯ ರಂಗಪ್ರವೇಶ ಮಾಡಿದ.

"ಒಂದು ಕುರೀನೂ ಮಾರೋದು ಬ್ಯಾಡ. ನನಗೆ ಬಿಡಿ" ಎಂದೆ. ಎಪ್ಪತ್ತು ವರ್ಷ ದಾಟಿದ ಎಲ್ಲರಿಗೂ ಸರ್ಕಾರ ಆಸ್ಪತ್ರೆಯ ಖರ್ಚು ಕೊಡುವ ಆಯುಷ್ಮಾನ್ ಯೋಜನೆಯ ಬಗ್ಗೆ ನಾನು ಪತ್ರಿಕೆಯಲ್ಲಿ ಓದಿದ್ದೆ. ಬಡವರೇ ಆಗಬೇಕೆಂದಿಲ್ಲ, ಸಾಹುಕಾರರೂ ಆಗಬಹುದು. ವಯಸ್ಸೊಂದೇ ಅರ್ಹತೆ. ವರ್ಷಕ್ಕೆ ಐದು ಲಕ್ಷದವರೆಗೆ! ನಿಜ ಹೇಳುತ್ತೇನೆ, ಅದನ್ನು ಓದಿದ ದಿನ ನಾನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದ್ದೆ. ಬದುಕಿದ್ದೇ ಒಂದು ಸಾಧನೆ ಎಂದು ಸರ್ಕಾರ ಒಪ್ಪಿಕೊಂಡಿತಲ್ಲ ಎಂದು ಬೆರಗಾಗಿತ್ತು.

ಜಗಲಿಯ ಮೇಲೆ ಅತ್ತೆಯ ಎದುರು ಕುರ್ಚಿ ಹಾಕಿಕೊಂಡು ಗಂಭೀರವಾಗಿ ಆರಂಭಿಸಿದೆ.

"ಅತ್ತೇ, ನಿಮ್ಮಂಥ ಹಿರೇರಿಗೆ ಸರ್ಕಾರ ವಿಮೆ ಮಾಡ್ಸೈತೆ."

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ವಿಮೇನಾ?"

"ಹೂಂ, ವಿಮೆ."

"ನನಗ್ಯಾಕೆ ವಿಮೆ? ನಾನೇನು ಕುರೀನಾ?"

ನನಗೆ ಅರ್ಥವಾಗಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಜಯಮ್ಮ ಬಂದು ಬಿಡಿಸಿ ಹೇಳಿದಳು. ಅವರ ಊರಿನಲ್ಲಿ ವಿಮೆ ಎಂದರೆ ಕುರಿಗೆ ಮಾಡಿಸುವುದು. ಕುರಿಯ ಕಿವಿಗೆ ನಂಬರಿನ ಬಿಲ್ಲೆ ಹೊಡೆಯುತ್ತಾರೆ. ಕುರಿ ಸತ್ತರೆ, ಬಿಲ್ಲೆ ಸಮೇತ ಕಿವಿ ಕೊಯ್ದು ತೋರಿಸಿದರೆ ದುಡ್ಡು ಬರುತ್ತದೆ. ಅತ್ತೆಯ ಅನುಭವದಲ್ಲಿ ವಿಮೆಯಿಂದ ಯಾವ ಕುರಿಗೂ ಒಳ್ಳೆಯದಾದದ್ದಿಲ್ಲ!

"ಅಲ್ಲ ಅತ್ತೇ, ಇದು ಮನುಷ್ಯರ್ದು."

"ಮನುಷ್ಯರ್ಗೂ ಬಿಲ್ಲೆ ಹೊಡೀತಾರಾ?"

"ಬಿಲ್ಲೆ ಇಲ್ಲ. ಕಾರ್ಡು ಕೊಡ್ತಾರೆ."

"ವಿಮೆ ಅಂದ್ಮೇಲೆ ಬಿಲ್ಲೆ ಇಲ್ದೇ ಇರ್ತೈತಾ? ನೀವು ಓದ್ದೋರು, ಹೇಳ್ತೀರಿ" ಎಂದು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ, ಅದೇ ಎಡವಟ್ಟಾದದ್ದು. ನಾನಂತೂ ಆ ದಿನದಿಂದ ಕಾಫಿಗೆ ಕೂತರೆ ವಿಮೆ, ಊಟಕ್ಕೆ ಕೂತರೆ ವಿಮೆ ಎಂದು ಅವರಿಗೆ ತಿಳಿವಳಿಕೆ ಕೊಡುತ್ತಲೇ ಹೋದೆ. ಅವರು ಅಷ್ಟಷ್ಟೂ ಸೆರಗು ಬಿಗಿ ಮಾಡುತ್ತಲೇ ಹೋದರು.

ಮರುದಿನ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಸೆಂಟರಿಗೆ ಆಟೋ ಮಾಡಿಕೊಂಡು ಹೋದೆವು. ಅದನ್ನು ನಡೆಸುವವಳು ಶಬಾನಾ. ಅವಳ ಅಪ್ಪ ನನ್ನ ಕಾಲದಲ್ಲಿ ಅಂಚೆ ಕಚೇರಿಯ ಪಕ್ಕದಲ್ಲೇ ಸೈಕಲ್ ಶಾಪು ಇಟ್ಟಿದ್ದವರು. ಬುದ್ಧಿವಂತ ಹೆಣ್ಣುಮಗಳು.

"ಬನ್ನಿ ಅಂಕಲ್. ಅಜ್ಜೀದಾ? ಆಧಾರ್ ಕೊಡಿ. ಅಜ್ಜೀ, ಬೆರಳು ಇಲ್ಲಿ ಇಡಿ."

ಅತ್ತೆ ಬೆರಳು ಇಟ್ಟರು. ಅರವತ್ತು ವರ್ಷ ಕುರಿ, ಹಗ್ಗ, ಉಣ್ಣೆ ಹಿಡಿದ ಬೆರಳಿನಲ್ಲಿ ಗೆರೆ ಎಲ್ಲಿರಬೇಕು! ಯಂತ್ರ ಒಪ್ಪಲಿಲ್ಲ. ಹತ್ತು ಬೆರಳೂ ಆಯಿತು. ಯಂತ್ರ ಜಪ್ಪಯ್ಯ ಎನ್ನಲಿಲ್ಲ.

"ಪರವಾಗಿಲ್ಲ, ಮುಖ ತೋರಿಸಿದ್ರೆ ಆಗುತ್ತೆ. ಅಜ್ಜೀ, ಸೆರಗು ಸ್ವಲ್ಪ ಹಿಂದಕ್ಕೆ ಸರಿಸಿ, ಕಿವಿ ಕಾಣ್ಲಿ" ಎಂದಳು ಶಬಾನಾ.

ಕಿವಿ! ಅತ್ತೆ ಧಡಕ್ಕನೆ ಎದ್ದರು. ಮೊಳಕಾಲು ನೋವಿನ ಹೆಂಗಸು ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. "ನೋಡಿದ್ರಾ ಅಳಿಯಪ್ಪಾ, ಕೊನೀಗೆ ಕಿವಿಗೇ ಬಂದ್ಲು! ನಾ ಹೇಳಿರ್ಲಿಲ್ಲಾ?" ಎಂದರು. ಅವರನ್ನು ಸಮಾಧಾನ ಮಾಡಿ ಕೂರಿಸುವಷ್ಟರಲ್ಲಿ ಸೆಂಟರಿನಲ್ಲಿದ್ದ ಆರು ಜನವೂ ತಮ್ಮ ಕೆಲಸ ಬಿಟ್ಟು ನಮ್ಮ ಸುತ್ತ ನಿಂತಿದ್ದರು. ಕೊನೆಗೆ ಒಂದು ಕಿವಿ ಮಾತ್ರ ತೋರಿಸುವುದೆಂದು ಒಪ್ಪಂದವಾಯಿತು. ಯಂತ್ರ ಮುಖ ಗುರುತಿಸಿತು.

ನಾನು ಸುತ್ತಲಿದ್ದವರ ಕಡೆ ವಿಜಯದ ನಗೆ ಬೀರಿದೆ. ಅಷ್ಟರಲ್ಲಿ ಶಬಾನಾ, "ಅಂಕಲ್, ಅಜ್ಜಿಗೆ ಎಪ್ಪತ್ತಾಗಿಲ್ವಲ್ಲ" ಎಂದಳು.

"ಏನಮ್ಮಾ ಹಂಗಂದ್ರೆ? ನೋಡಿದ್ರೆ ಗೊತ್ತಾಗಲ್ವಾ?"

"ನಾನು ನೋಡಿದ್ರೆ ಏನು ಬಂತು ಅಂಕಲ್? ಆಧಾರ್‌ನಲ್ಲಿ ಅರವತ್ತಾರು ಅಂತ ಇದೆ. ಈ ಕಾರ್ಡಿಗೆ ಆಧಾರ್ ವಯಸ್ಸೇ ಲೆಕ್ಕ. ಇನ್ನೂ ನಾಲ್ಕು ವರ್ಷ ಇದೆ."

ನನಗೆ ಸಿಟ್ಟು ನೆತ್ತಿಗೇರಿತು. "ಯಾವ ಅಡ್ನಾಡಿ ಬರೆಸಿದ್ದು ಇದನ್ನ? ವಯಸ್ಸಾದ ಹೆಣ್ಣುಮಗಳ ಜೀವದ ಜತೆ ಆಟ ಆಡ್ತಾರಾ? ತಲೇಲಿ ಏನಿತ್ತು ಅವನಿಗೆ?" ಎಂದು ಟೇಬಲ್ ಗುದ್ದಿದೆ.

ಅತ್ತೆ ಮೆಲ್ಲಗೆ ಹೇಳಿದರು. "ನೀವೇ ಅಲ್ವಾ ಅಳಿಯಪ್ಪಾ, ಬರೆಸಿದ್ದು."

ಹೌದು. ನಾನೇ!

ಎಲ್ಲ ನೆನಪಾಯಿತು. ಆಧಾರ್ ಹೊಸದಾಗಿ ಬಂದಾಗ, ಅತ್ತೆಯ ಊರಿನ ಶಾಲೆಯ ಜಗಲಿಯಲ್ಲಿ ಶಿಬಿರ ನಡೆದಿತ್ತು. ನಾನು ಓದಿದ ಅಳಿಯನಾಗಿ ಮುಂದೆ ನಿಂತು ಎಲ್ಲರ ಫಾರಂ ತುಂಬಿದ್ದೆ. ಅತ್ತೆಯ ವಯಸ್ಸು ಅವರಿಗಾಗಲೀ ಬೋರಣ್ಣನಿಗಾಗಲೀ ಗೊತ್ತಿಲ್ಲ ಎಂದು ನಾನೇ ತೀರ್ಮಾನಿಸಿದೆ. ಅವರನ್ನು ಕೇಳಲಿಲ್ಲ. ಶಾಸ್ತ್ರೋಕ್ತವಾಗಿ ಲೆಕ್ಕ ಹಾಕಿದೆ. ಜಯಮ್ಮ ಮೊದಲ ಮಗಳು. ಜಯಮ್ಮ ಹುಟ್ಟಿದಾಗ ಅತ್ತೆಗೆ ಹದಿನೇಳು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಜಯಮ್ಮನ ವಯಸ್ಸಿಗೆ ಹದಿನೇಳು ಕೂಡಿಸಿದೆ. ಉತ್ತರ ಬಂತು. ಅಷ್ಟರಲ್ಲಿ ತಲೆ ಎತ್ತಿ ನೋಡಿದರೆ ಅತ್ತೆ ಎದುರಿಗೇ ನಿಂತಿದ್ದಾರೆ. ಅಳಿಯನಾದವನು ಅತ್ತೆಯ ಎದುರು ಅತ್ತೆಯ ವಯಸ್ಸನ್ನು ಪೂರ್ತಿ ಹೇಳುವುದು ಮರ್ಯಾದೆಯೇ? ಗೌರವಕ್ಕೆಂದು ಮೂರು ವರ್ಷ ಕಳೆದೆ.

ಆ ಮೂರು ವರ್ಷ ಈಗ ಅವರ ಮೊಳಕಾಲಿನ ಮೇಲೆ ಬಂದು ಕೂತಿತ್ತು.

"ಮೂರು ಕೂಡ್ಸಿದ್ರೂ ಅರವತ್ತೊಂಬತ್ತೇ ಆಗುತ್ತೆ ಅಂಕಲ್. ಏನಾದ್ರೂ ದಾಖಲೆ ತನ್ನಿ, ತಿದ್ದುಪಡಿಗೆ ಹಾಕೋಣ. ಸ್ಕೂಲ್ ಸರ್ಟಿಫಿಕೇಟು, ಜನನ ಪ್ರಮಾಣ ಪತ್ರ, ಏನಾದ್ರೂ" ಎಂದಳು ಶಬಾನಾ. ಅತ್ತೆ ಶಾಲೆಯ ಮುಖ ನೋಡಿದ್ದು ಆ ಆಧಾರ್ ಶಿಬಿರದ ದಿನ ಮಾತ್ರ. ಇನ್ನು ಅವರು ಹುಟ್ಟಿದ್ದು ಬಯಲಿನಲ್ಲಿ, ಕುರಿ ಹಟ್ಟಿಯ ಪಕ್ಕ. ಕುರಿಗಳು ಪ್ರಮಾಣ ಪತ್ರ ಕೊಡುವುದಿಲ್ಲ.

ಮನೆಗೆ ಬಂದು ಹೊಸ ಉಪಾಯ ಹೂಡಿದೆ. "ಜಯಾ, ನಿನ್ನ ಸ್ಕೂಲಿನ ಟಿ.ಸಿ. ಎಲ್ಲೈತೆ? ನಿನ್ನ ಹುಟ್ಟಿದ ತಾರೀಕು ಸಿಕ್ಕಿದ್ರೆ ಅದರ ಮೇಲಿಂದ ಅವ್ವನ ವಯಸ್ಸು ಸಾಬೀತು ಮಾಡಬಹುದು."

ಜಯಮ್ಮ ಒಗ್ಗರಣೆ ಹಾಕುತ್ತಿದ್ದವಳು ಹಾಗೇ ನಿಂತಳು. ಸಾಸಿವೆ ಸೀದು ಹೋಯಿತು.

"ಅದು ಇಲಿ ತಿಂದ್ಬಿಡ್ತು."

"ಯಾವಾಗ?"

"ಆವಾಗ್ಲೇ."

"ಆವಾಗ್ಲೇ ಅಂದ್ರೆ?"

"ನಿಮಗೆ ಅವ್ವನ ವಯಸ್ಸು ಬೇಕೋ, ಇಲಿ ವಯಸ್ಸು ಬೇಕೋ? ನನ್ನ ವಯಸ್ಸಿನ ತಂಟೆಗೆ ಮಾತ್ರ ಬರಬ್ಯಾಡ್ರಿ!" ಎಂದು ಸೌಟು ಕುಕ್ಕಿದಳು. ಮೂವತ್ತಮೂರು ವರ್ಷದ ದಾಂಪತ್ಯದಲ್ಲಿ ಸೌಟು ಕುಕ್ಕಿದ ಮೇಲೆ ನಾನು ಪ್ರಶ್ನೆ ಕೇಳಿದ ದಾಖಲೆಯಿಲ್ಲ.

ಇದನ್ನೆಲ್ಲ ಜಗಲಿಯಿಂದ ಕೇಳಿಸಿಕೊಂಡ ಅತ್ತೆ ಕೂಗಿದರು. "ಅಳಿಯಪ್ಪಾ, ನಿಮಗೆ ಬೇಕಿರೋದು ನನ್ನ ವಯಸ್ಸಾ?"

"ಹೂಂ ಅತ್ತೇ."

"ಅದು ನಮ್ಮೂರಾಗೆ ಟ್ರಂಕಿನಾಗೆ ಐತಲ್ಲ. ಕೇಳಿದ್ರೆ ಹೇಳ್ತಿದ್ನಪ್ಪ."

ಮೂವರೂ ಮೊಳಕಾಲ್ಮುರು ಬಸ್ಸು ಹತ್ತಿದೆವು. ಜಯಮ್ಮನಿಗೆ ಬರಲು ಇಷ್ಟವಿರಲಿಲ್ಲ, ಬಿಟ್ಟಿರಲು ಧೈರ್ಯವೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಬೋರಣ್ಣನ ಮನೆಯ ಕತ್ತಲೆ ಕೋಣೆಯಿಂದ ತಗಡಿನ ಟ್ರಂಕು ಹೊರಬಂತು. ಜನ್ಮಪತ್ರಿಕೆಯೋ, ಹಳೆಯ ಕಂದಾಯದ ರಸೀದಿಯೋ ಸಿಗುತ್ತದೆಂದು ನಾನು ಕನ್ನಡಕ ಏರಿಸಿ ಕೂತೆ. ಅತ್ತೆ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗಿದ್ದದ್ದು ಕರಿ ಕಂಬಳಿಯ ಏಳು ಹರುಕು ಪಟ್ಟಿ. ಒಂದೊಂದೂ ಬೆರಳಷ್ಟು ಅಗಲ, ಮೊಳದುದ್ದ.

"ಇದೇನತ್ತೇ?"

"ನನ್ನ ವಯಸ್ಸು."

ನಾನು ನಕ್ಕೆ. ಅವರು ನಗಲಿಲ್ಲ. ಒಂದು ಪಟ್ಟಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಅದರ ಅಂಚಿನಲ್ಲಿ ಸಾಲಾಗಿ ಕೆಂಪು ದಾರದ ಸಣ್ಣ ಸಣ್ಣ ಗಂಟುಗಳು. "ಯುಗಾದಿಗೊಂದು ಗಂಟು. ನಾನು ಹುಟ್ಟಿದ ವರ್ಷ ನಮ್ಮವ್ವ ಶುರು ಮಾಡಿದ್ದು. ಕಂಬಳಿ ಸವೆದ್ರೆ ಅಂಚು ಕೊಯ್ದು ಇಟ್ಕೊಂಡು, ಹೊಸ ಕಂಬಳೀಗೆ ಮತ್ತೆ ಗಂಟು. ಇದು ಮೊದಲ್ನೇದು, ನನ್ನ ಸುತ್ತಿದ್ದು. ಎಂಟು ಗಂಟು ಐತೆ ನೋಡ್ರಿ."

ಎಣಿಸಿದೆ. ಎಂಟು!

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಅತ್ತೆ ಒಂದೊಂದೇ ಪಟ್ಟಿ ಎತ್ತಿ ತೊಡೆಯ ಮೇಲೆ ಹರಡುತ್ತ ಹೋದರು. ಎರಡನೆಯದರಲ್ಲಿ ಒಂಬತ್ತು. ಅದರ ಕೊನೆಯ ಗಂಟು ಜಯಮ್ಮ ಹುಟ್ಟಿದ ವರ್ಷದ್ದು. ಮೂರನೆಯದರಲ್ಲಿ ಹನ್ನೆರಡು. "ಇದಕ್ಕೆ ಸಾವೇ ಬರ್ಲಿಲ್ಲ ಅಳಿಯಪ್ಪಾ, ಅಂಥ ಉಣ್ಣೆ." ನಾಲ್ಕನೆಯದು ಹಟ್ಟಿಯ ಬೆಂಕಿಗೆ ಕಿಡಿ ಬಿದ್ದು ಏಳಕ್ಕೇ ಮುಗಿದಿತ್ತು, ಅಂಚು ಈಗಲೂ ಕರಕಲು. ಐದರಲ್ಲಿ ಹನ್ನೊಂದು. ಆರನೆಯ ಪಟ್ಟಿಯನ್ನು ಅವರು ನನ್ನ ಕೈಗೆ ಕೊಡಲಿಲ್ಲ. ತಾವೇ ಹಿಡಿದುಕೊಂಡು ಒಂಬತ್ತು ಎಣಿಸಿ, "ಈ ಕಂಬಳಿ ನಿಮ್ಮ ಮಾವಂದ್ರ ಜತಿಗೆ ಮಣ್ಣಿಗೆ ಹೋತು. ಅಂಚು ಮಾತ್ರ ಕೊಯ್ಕಂಡೆ" ಎಂದರು. ಏಳನೆಯದು ಹತ್ತು. ಎಂಟನೆಯದು ಅವರ ಹೆಗಲ ಮೇಲೆಯೇ ಇತ್ತು. ಬಿಸಿಲು ಚಳಿ ಎನ್ನದೆ ಸದಾ ಹೊದೆಯುವ ಕಂಬಳಿ. ನಾನು ಸಾವಿರ ಸಲ ನೋಡಿದ್ದೆ, ಆ ಅಂಚಿನ ಗಂಟುಗಳನ್ನು ಒಂದು ಸಲವೂ ನೋಡಿರಲಿಲ್ಲ. ಎಂಟು ಗಂಟು.

ನಾನು ಕನ್ನಡದಲ್ಲಿ ಕೂಡಿದೆ. ಅವರು ತೆಲುಗಿನಲ್ಲಿ ಕೂಡಿದರು. "ಎಪ್ಪತ್ನಾಲ್ಕು" ಎಂದೆ. "ಡೆಬ್ಬೈ ನಾಲುಗು" ಎಂದರು. ಎರಡೂ ಒಂದೇ! ಮೂವತ್ತು ವರ್ಷ ಊರವರ ಲೆಕ್ಕ ಬರೆದ ನನಗೆ ರೋಮಾಂಚನವಾಯಿತು. ಅಕ್ಷರ ಬಾರದ ಎರಡು ತಲೆಮಾರಿನ ಹೆಂಗಸರು ಒಂದು ಯುಗಾದಿಯನ್ನೂ ಬಿಡದೆ ಇಟ್ಟ ಲೆಕ್ಕವದು. ನಾನು ಆ ಪಟ್ಟಿಗಳನ್ನು ಕಣ್ಣಿಗೊತ್ತಿಕೊಂಡೆ. ಇದು ಉತ್ಪ್ರೇಕ್ಷೆಯಲ್ಲ, ಬೋರಣ್ಣ ಸಾಕ್ಷಿ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ನಾನೇ ಅಲ್ಲ.

"ಅತ್ತೇ, ನಮ್ಮ ಮದುವೆ ಎಲ್ಲೈತೆ ಇದರಾಗೆ?" ಎಂದು ಉತ್ಸಾಹದಿಂದ ಕೇಳಿದೆ. ಜಯಮ್ಮ ಕೆಮ್ಮಿದಳು. ಅತ್ತೆ ಐದನೇ ಪಟ್ಟಿಯ ಐದನೇ ಗಂಟನ್ನು ತೋರಿಸಿದರು. "ಇಲ್ಲೈತೆ." ಜಯಮ್ಮ ಇನ್ನೂ ಜೋರಾಗಿ ಕೆಮ್ಮಿದಳು. ನಾನು ಅವಳು ಹುಟ್ಟಿದ ಗಂಟಿನಿಂದ ಮದುವೆಯ ಗಂಟಿನವರೆಗೆ ಬೆರಳು ಓಡಿಸಿದೆ. ಹನ್ನೆರಡು, ಏಳು, ಐದು.

ಇಪ್ಪತ್ತನಾಲ್ಕು!

ಅವಳಿಗೆ ಹತ್ತೊಂಬತ್ತು ಎಂದು ನನಗೆ ಹೇಳಿ ಮದುವೆ ಮಾಡಿದ್ದರು. ಮೂವತ್ತೊಂದರ ನಾನು, ಇಷ್ಟು ಚಿಕ್ಕ ಹುಡುಗಿ ನನ್ನನ್ನು ಒಪ್ಪಿದಳಲ್ಲ ಎಂದು ಅಂಚೆ ಕಚೇರಿಗೆಲ್ಲ ಪೇಡ ಹಂಚಿದ್ದೆ. ಈಗ ಐವತ್ತೆರಡು ಎಂದು ನಂಬಿದ್ದ ಹೆಂಡತಿ ನನ್ನ ಕಣ್ಣೆದುರೇ ಐವತ್ತೇಳಾಗಿ ಕೂತಿದ್ದಳು.

"ಆ ಗಂಟುಗಳ್ನ ಅವ್ವ ತಪ್ಪು ಹಾಕಿರ್ಬೇಕು" ಎಂದಳು ಜಯಮ್ಮ, ಗೋಡೆ ನೋಡುತ್ತ.

"ನಾನ್ಯಾಕೆ ತಪ್ಪು ಹಾಕ್ಲಿ? ನಿನ್ನ ವಯಸ್ಸು ಕಮ್ಮಿ ಹೇಳಿದ್ದು ನಿಮ್ಮಪ್ಪ. ಕಂಬಳಿ ಅಲ್ಲ!" ಎಂದರು ಅತ್ತೆ.

ಆಗ ನನಗೆ ಪೂರ್ತಿ ಸತ್ಯ ಹೊಳೆಯಿತು. ಜಯಮ್ಮನ ವಯಸ್ಸಿನಲ್ಲಿ ಮಾವ ಕಳೆದ ಐದು, ಅದರ ಮೇಲೆ ನಾನು ಕಳೆದ ಮೂರು. ಒಟ್ಟು ಎಂಟು ವರ್ಷ! ಇಬ್ಬರು ಗಂಡಸರು ಸೇರಿ, ತಮ್ಮ ತಮ್ಮ ಮರ್ಯಾದೆಗಾಗಿ, ಒಬ್ಬ ಹೆಂಗಸಿನ ಬದುಕಿನಿಂದ ಎಂಟು ಯುಗಾದಿ ತೆಗೆದುಬಿಟ್ಟಿದ್ದೆವು. ನನಗೆ ನಿಜವಾಗಿ ನಾಚಿಕೆಯಾಯಿತು.

ನಾಚಿಕೆಯಾದವನು ಸುಮ್ಮನಿರುವುದು ವಾಡಿಕೆ. ನಾನು ಇಮ್ಮಡಿ ಹುರುಪಿನಿಂದ ಮರುದಿನ ಶಬಾನಾಳ ಮುಂದೆ ಏಳು ಪಟ್ಟಿ ಹರಡಿ, ಎಂಟನೆಯದಕ್ಕೆ ಅತ್ತೆಯ ಹೆಗಲ ಮೇಲಿನ ಕಂಬಳಿಯನ್ನೇ ತೋರಿಸಿ, ಒಂದು ಸಣ್ಣ ಭಾಷಣ ಮಾಡಿದೆ. ಅವಳು ಗಲ್ಲದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. ಪಟ್ಟಿಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ಯಾ ಅಲ್ಲಾ! ಎಷ್ಟು ಚೆನ್ನಾಗಿದೆ ಅಜ್ಜೀ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಅಂಕಲ್, ದಾಖಲೆ ಅಂದ್ರೆ ಕಾಗದದ್ದು ಬೇಕು" ಎಂದಳು.

"ಕಾಗದ ತಾನೆ? ಜೆರಾಕ್ಸ್ ಮಾಡಮ್ಮ!"

ಅವಳು ಬೇಡವೆಂದರೂ ನಾನು ಬಿಡಲಿಲ್ಲ. ಮೊದಲನೇ ಕಂಬಳಿಯಿಂದ ಏಳನೆಯದರವರೆಗೆ ಒಂದೊಂದು ಪಟ್ಟಿಯನ್ನೂ ಯಂತ್ರದ ಗಾಜಿನ ಮೇಲಿಟ್ಟೆವು. ಎಂಟನೆಯದಕ್ಕೆ ಅತ್ತೆಯೇ ಯಂತ್ರದ ಪಕ್ಕಕ್ಕೆ ವಾಲಿ ನಿಂತು ಸೆರಗಿನಂತೆ ಅಂಚು ಹಾಸಿದರು. ಹೊರಬಂದದ್ದು ಎಂಟು ಹಾಳೆ. ಎಂಟೂ ಕಪ್ಪು. ಕರಿ ಕಂಬಳಿ, ಕೆಂಪು ದಾರ, ಕಪ್ಪು ಬಿಳುಪಿನ ಯಂತ್ರ! ಒಂದು ಗಂಟೂ ಕಾಣಲಿಲ್ಲ. ಅಮಾವಾಸ್ಯೆಯ ಎಂಟು ಫೋಟೋ ತೆಗೆಸಿಕೊಂಡಂತಿತ್ತು.

ಅವನ್ನೂ ಫೈಲಿನಲ್ಲಿಟ್ಟುಕೊಂಡೆ. ಇಷ್ಟು ವರ್ಷ ಕೌಂಟರಿನಲ್ಲಿ ಕೂತವನು ಹಾಳೆ ಬಿಸಾಡುವುದಿಲ್ಲ.

ಇನ್ನು ಉಳಿದದ್ದು ಸರ್ಕಾರಿ ಆಸ್ಪತ್ರೆ. ಡಾಕ್ಟರಿಂದ ವಯಸ್ಸಿನ ಬಗ್ಗೆ ಒಂದು ಪತ್ರ ಪಡೆಯೋಣವೆಂದು ಅತ್ತೆಯನ್ನು ಕರೆದುಕೊಂಡು ಹೋದೆ. ಚೀಟಿಯನ್ನು ನಾನೇ ತುಂಬಿ ಕೊಟ್ಟೆ. ಕಿಟಕಿಯಲ್ಲಿದ್ದವರು ಓದಿ, "ಏನ್ ಸಾರ್, ಊರು ಕೇಳಿರೋ ಕಡೇನೂ ಮೊಳಕಾಲು ಅಂತ ಬರೆದೀರಿ, ಕಾಯಿಲೆ ಕೇಳಿರೋ ಕಡೇನೂ ಮೊಳಕಾಲು ಅಂತ ಬರೆದೀರಿ" ಎಂದರು. ನೋಡಿದರೆ, ಅವಸರದಲ್ಲಿ ಊರಿನ 'ಮುರು' ಬಿಟ್ಟುಹೋಗಿತ್ತು. ಫಾರಂ ತುಂಬುವುದರಲ್ಲಿ ತಾಲ್ಲೂಕಿಗೇ ಮೊದಲಿಗನ ಕಥೆ ಇದು!

ಅಲ್ಲಿ ಒಂದು ಮೂಲೆಯಲ್ಲಿ ಆರೋಗ್ಯಮಿತ್ರ ಎಂಬ ಫಲಕದಡಿ ಒಬ್ಬರು ಕೂತಿದ್ದರು. ಇಂಥ ಕಾರ್ಡುಗಳ ವಿಷಯ ತಿಳಿಸುವುದೇ ಅವರ ಕೆಲಸ. ನಾನು ಎದುರಿಗೆ ಕೂತು ಸಮಸ್ತವನ್ನೂ ವಿವರಿಸಿದೆ. ಆಧಾರ್, ಅರವತ್ತಾರು, ಮಾವನ ಐದು, ನನ್ನ ಮೂರು, ಯುಗಾದಿ, ಕಂಬಳಿ. ಕೊನೆಗೆ ಎಂಟು ಕಪ್ಪು ಹಾಳೆಗಳನ್ನು ಮುಂದಿಟ್ಟೆ. ಅವರು ಒಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಎಕ್ಸ್‌ರೇನಾ ಸಾರ್?"

"ಕಂಬಳಿ."

ಅವರು ಹಾಳೆಯನ್ನು ಬಹಳ ಮರ್ಯಾದೆಯಿಂದ ಕೆಳಗಿಟ್ಟರು. ಆಮೇಲೆ ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು. ನೋಡಿ, ನಾನು ಮಾಡಬೇಕಿದ್ದ ಮೊದಲ ಕೆಲಸವನ್ನು ಅವರು ಆಗ ಮಾಡಿದರು.

"ಅವ್ವಾ, ನಿಮ್ಮ ಹೆಸರು ಯಾವ ರೇಷನ್ ಕಾರ್ಡಿನಾಗೈತೆ?"

"ನನ್ನ ಮಗ ಬೋರಣ್ಣಂದು."

"ಬಿಪಿಎಲ್ಲಾ?"

"ಹೂಂ. ಅಕ್ಕಿ ಕೊಡ್ತಾರಲ್ಲ, ಅದು."

"ಹಂಗಾದ್ರೆ ವಯಸ್ಸು ಯಾಕೆ ಬೇಕು ಸಾರ್?" ಎಂದರು ನನಗೆ. "ಎಪ್ಪತ್ತರ ಮಾತು ಬೇರೆ ಯಾವ ಕಾರ್ಡೂ ಇಲ್ದೋರಿಗೂ ಸಿಗ್ಲಿ ಅಂತ. ಬಿಪಿಎಲ್ ಕಾರ್ಡಿನಾಗೆ ಹೆಸರಿದ್ರೆ ಹಸುಗೂಸಿಂದ ಹಿಡಿದು ಮುದುಕ್ರ ತನಕ ಎಲ್ರಿಗೂ ಐತೆ. ಈ ಆಸ್ಪತ್ರೆಯಿಂದ ರೆಫರಲ್ ಬರೆಸ್ಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದ್ರಾಯ್ತು. ಅವ್ವಾ, ನಿಮಗೆ ಯಾರೂ ಆರೋಗ್ಯದ ಕಾರ್ಡು ಮಾಡಿಸಿ ಕೊಟ್ಟಿಲ್ವಾ?"

ಅತ್ತೆ ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದರು. ಒಂದು ಅರೆಯಿಂದ ಎಲೆ, ಇನ್ನೊಂದರಿಂದ ಅಡಿಕೆ, ಮತ್ತೊಂದರಿಂದ ಸುಣ್ಣದ ಡಬ್ಬಿ ಹೊರಬಂದು ಮೇಜಿನ ಮೇಲೆ ಕೂತವು. ಕೊನೆಯ ಅರೆಯಿಂದ ಹೊಗೆಸೊಪ್ಪಿನ ವಾಸನೆಯ ಒಂದು ಕಾರ್ಡು ಬಂತು. ಲ್ಯಾಮಿನೇಷನ್ ಮಾಡಿಸಿದ್ದು. ಅತ್ತೆಯ ಫೋಟೋ, ಹೆಸರು, ನಂಬರು.

"ಇದಾ?"

"ಇದೇ ಅವ್ವಾ!"

ನಾನು ಕಾರ್ಡನ್ನು ಕಿತ್ತುಕೊಂಡು ನೋಡಿದೆ. ನನ್ನ ದನಿ ಕೀರಲಾಗಿತ್ತು. "ಅತ್ತೇ! ಇದು ಎಲ್ಲಿತ್ತು?"

"ಸಂಚಿಯಾಗೆ."

"ಯಾವಾಗಿಂದ?"

"ಹೋದ ವರ್ಷ ನಮ್ಮೂರ ಆಶಾ ಹುಡುಗಿ ಮಾಡ್ಸಿ ಕೊಟ್ಲು. ಜತನವಾಗಿ ಇಟ್ಕೋ ಅಜ್ಜೀ ಅಂದ್ಲು. ಇಟ್ಕೊಂಡಿದೀನಿ."

"ಇಷ್ಟು ದಿನ ನಾನು ತಲೆ ಕೆಡಿಸ್ಕೊಂಡು ಓಡಾಡ್ತಾ ಇದ್ನಲ್ಲ, ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ನೀವು ಕೇಳಿದ್ದು ವಿಮೆ ಅಳಿಯಪ್ಪಾ. ಎದ್ರೆ ವಿಮೆ, ಕುಂತ್ರೆ ವಿಮೆ. ವಿಮೆ ಅಂದ್ರೆ ಸತ್ತ ಮ್ಯಾಲೆ ಬರೋದು. ಇದು ಆರೋಗ್ಯದ ಕಾರ್ಡು. ಬದುಕಿರೋರ್ದು. ಇದನ್ನ ನೀವು ಯಾವತ್ತು ಕೇಳಿದ್ರಿ?"

ಆರೋಗ್ಯಮಿತ್ರರು ಗಂಭೀರವಾಗಿ ತಲೆಯಾಡಿಸಿದರು. "ಅವ್ವ ಹೇಳ್ತಿರೋದು ಸರಿಯಾಗೇ ಐತೆ ಸಾರ್." ನಾನು ಎಂಟು ಕಪ್ಪು ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆಮೇಲಿನದೆಲ್ಲ ನೋಡನೋಡುತ್ತಲೇ ನಡೆಯಿತು, ಏಕೆಂದರೆ ಅದರಲ್ಲಿ ನನ್ನ ಪಾತ್ರವಿರಲಿಲ್ಲ. ರೆಫರಲ್ ಪತ್ರ ಸಿಕ್ಕಿತು. ಸರದಿ ಬಂತು. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಬಲಗಾಲು, ಕೆಲವು ತಿಂಗಳ ಮೇಲೆ ಎಡಗಾಲು. ಬೋರಣ್ಣನ ಹಟ್ಟಿಯಿಂದ ಒಂದು ಕುರಿಯೂ ಕದಲಲಿಲ್ಲ. ಆಪರೇಷನ್ನಿನ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತು ಫೈಲಿನ ಹಾಳೆಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದರೆ, ಒಳಗೆ ಹೋಗುವ ಮುನ್ನ ಅತ್ತೆ ನರ್ಸಮ್ಮನಿಗೆ ಹೇಳುತ್ತಿದ್ದರು. "ಕಾಲು ಏನ್ ಬೇಕಾದ್ರೂ ಮಾಡ್ಕಳ್ರಿ ತಾಯಿ. ಕಿವಿ ಮಾತ್ರ ಮುಟ್ಟಬ್ಯಾಡ್ರಿ." ಮೂರನೆಯ ದಿನ ಅವರು ಕೋಲಿನ ಚೌಕಟ್ಟು ಹಿಡಿದು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದರು. ಮನುಷ್ಯರ ದೇಹದೊಳಗೆ ಹೊಸ ಕೀಲು ಕೂರಿಸಿ ನಡೆಸುತ್ತಾರಲ್ಲ, ಅದಕ್ಕೆ ಒಂದು ಪೈಸೆ ಕೇಳುವುದಿಲ್ಲವಲ್ಲ ಎಂದು ನಾನು ಬಾಯಿ ತೆರೆದು ನಿಂತಿದ್ದೆ. ಜಯಮ್ಮ ಅಳುತ್ತಿದ್ದಳು. ಐವತ್ತೇಳರ ಹೆಂಡತಿ ಅತ್ತಾಗ ಐವತ್ತೆರಡರವಳಿಗಿಂತ ಚೆಂದ ಕಾಣುತ್ತಾಳೆ. ಇದನ್ನು ಅವಳಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟಳು.

ಈ ಸಲದ ಯುಗಾದಿ ಕಳೆದ ಮೇಲೆ, ಡಾಕ್ಟರು ನಿಧಾನವಾಗಿ ಹತ್ತಬಹುದೆಂದು ಒಪ್ಪಿದ ಮೇಲೆ, ಜಟಿಂ‌ಗ ರಾಮೇಶ್ವರನ ಬೆಟ್ಟಕ್ಕೆ ಹೋದೆವು. ಅತ್ತೆ ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಎಲೆ ಹಾಕಿಕೊಂಡು, ಹತ್ತಿದರು. ನಾನು ಅವರಿಗೆ ಆಸರೆಯಾಗಿ ಹೊರಟವನು ಅರ್ಧಕ್ಕೇ ಏದುಸಿರು ಬಿಟ್ಟು ಬಂಡೆಗೆ ಒರಗಿದೆ. ತಲೆ ಎತ್ತಿ ನೋಡಿದರೆ ಎಪ್ಪತ್ತೈದರ ಹೆಂಗಸು ಮೇಲೆ ನಿಂತು ಸೊಂಟದ ಮೇಲೆ ಕೈಯಿಟ್ಟು ಕೆಳಗಿನ ಬಯಲನ್ನೆಲ್ಲ ನೋಡುತ್ತಿದ್ದರು. ಅವರ ಮುಖ ನೋಡಿ ನನ್ನ ಕಣ್ಣು ತುಂಬಿ ಬಂತು.

ಹೇಗೋ ಮೇಲೆ ತಲುಪಿದೆ. ಅತ್ತೆ ತಮ್ಮ ಗಂಟಿನಿಂದ ಒಂದು ಹೊಚ್ಚ ಹೊಸ ಕರಿ ಕಂಬಳಿ ತೆಗೆದು ನನ್ನ ಹೆಗಲಿಗೆ ಹೊದಿಸಿದರು. "ಬೆವೆತು ಗಾಳಿಗೆ ನಿಲ್ಲಬಾರ್ದು. ನಮ್ಮ ಕುರಿ ಉಣ್ಣೇದೇ, ನಿಮಗೇ ಅಂತ ನೇಯ್ಸಿದ್ದು" ಎಂದರು. ಜೀವನದಲ್ಲಿ ಇಂಥ ಸನ್ಮಾನ ನನಗೆ ಅಂಚೆ ಇಲಾಖೆಯಿಂದಲೂ ಆಗಿರಲಿಲ್ಲ. ಎದೆಯುಬ್ಬಿಸಿ ಅಂಚು ಎತ್ತಿ ನೋಡಿದೆ. ಕೆಂಪು ದಾರದ ಗಂಟೂ ಇತ್ತು!

ಆದರೆ ಒಂದೇ ಒಂದು.

"ಅತ್ತೇ, ನನಗೆ ಅರವತ್ತೈದು ತುಂಬೈತೆ. ಇದರಾಗೆ ಒಂದೇ ಗಂಟು ಹಾಕೀರಲ್ಲ?"

"ಅದು ನೀವು ಹುಟ್ಟಿದ ಲೆಕ್ಕ ಅಲ್ಲ ಅಳಿಯಪ್ಪಾ" ಎಂದರು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತ. "ನಿಮಗೆ ಬುದ್ಧಿ ಬಂದಾಗಿಂದ ಎಣಿಸಿದೀನಿ."